ನಿಂತ ಗಾಡಿಯೂ ಬಂದ ಅತಿಥಿಯೂ

ತೇರು ವರ್ಷಕ್ಕೊಮ್ಮೆ ಹರಿಯುವುದು. ಉಳಿದ ದಿನಗಳಲ್ಲೆಲ್ಲ ತನ್ನ ನೆಲೆಯಲ್ಲಿ ನಿಂತಿರುವುದು. ಹೊಸಕೋಟೆಯ ಅವಿಮುಕ್ತೇಶ್ವರಸ್ವಾಮಿಯ ತೇರನ್ನಾಗಲಿ, ನಾಡಿನ ಮತ್ತಾವ ಊರಿನ ತೇರನ್ನಾಗಲಿ ಬಲ್ಲವರಿಗೆ, ಬಂಡಿಯು ನಿಂತ ಮಾತ್ರಕ್ಕೆ ಅದರ ಗೌರವವು ಕುಂದುವುದಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹಂಪೆಯ ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವಂತೂ ಕಟ್ಟಿದ ದಿನದಿಂದ ಇಂದಿನವರೆಗೆ ಒಂದಡಿಯಾದರೂ ಮುಂದಕ್ಕೆ ಸರಿದುದಲ್ಲ. ಅದು ನಿಜವಾಗಿ ಗರುಡನ ಗುಡಿ; ಆದರೂ ಅದನ್ನು ರಥವೆಂದೇ ಎಲ್ಲರೂ ಕರೆಯುವರು. ಚಲಿಸುವುದಕ್ಕಾಗಿ ಹುಟ್ಟಿದ ವಸ್ತುವು ನಿಂತಮೇಲೆ ಏನಾಗಬೇಕು, ಅದರೊಳಗೆ ಯಾರಿರಬೇಕು ಎಂಬ ಪ್ರಶ್ನೆ ಹೀಗೆ ಈ ನಾಡಿಗೆ ಹೊಸದಲ್ಲ. ದೇವರ ತೇರಿನ ವಿಷಯದಲ್ಲಿ ಅದಕ್ಕೆ ಉತ್ತರವು ಎಂದೋ ಸಿದ್ಧವಾಗಿದ್ದಿತು. ರೈಲುಗಾಡಿಯ ವಿಷಯದಲ್ಲಿ ಇನ್ನೂ ಸಿದ್ಧವಾದಂತೆ ತೋರುವುದಿಲ್ಲ.

ಹಳೆಯ ಟ್ರಾಮುಗಳನ್ನೂ ರೈಲುಬೋಗಿಗಳನ್ನೂ ಕೊಂಡು ತಂದು, ತೋಟದಲ್ಲಿಯೋ ಕಡಲ ದಂಡೆಯಲ್ಲಿಯೋ ನಿಲ್ಲಿಸಿ, ಒಳಗೆ ಹಾಸಿಗೆ ಹಾಸಿ, ಬಂದವರಿಗೆ ಬಾಡಿಗೆಗೆ ಕೊಡುವ ಪದ್ಧತಿಯು ಅನೇಕ ದೇಶಗಳಲ್ಲಿ ಬೆಳೆದಿದೆ. ಇದರ ಮೊದಲು ಬಡತನದಲ್ಲಿದ್ದಿತು. ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕುದುರೆ ಎಳೆಯುವ ಟ್ರಾಮುಗಳು ಬೇಡವಾದಾಗ, 1895ರಲ್ಲಿ ಕಂಪನಿಯವರು ಆಸನವಿರುವ ಗಾಡಿಯನ್ನು ಇಪ್ಪತ್ತು ಡಾಲರಿಗೂ ಆಸನವಿಲ್ಲದ್ದನ್ನು ಹತ್ತು ಡಾಲರಿಗೂ ಮಾರಿದರು. ಅವನ್ನು ಕೊಂಡವರು ಸಮುದ್ರತೀರದ ಮರಳಿನ ಮೇಲೆ ಸಾಲಾಗಿ ನಿಲ್ಲಿಸಿಕೊಂಡು ವಾಸಮಾಡತೊಡಗಲು, ಆ ಬಡಾವಣೆಗೆ ಕಾರ್‌ವಿಲ್ ಎಂಬ ಹೆಸರೇ ಬಂದಿತು. ಇಂಗ್ಲೆಂಡಿನಲ್ಲಿ 1933ರಲ್ಲಿ ರೈಲ್ವೆ ಕಂಪನಿಯೊಂದು ಓಟದಿಂದ ತೆಗೆದ ಬೋಗಿಗಳನ್ನು ಹಳ್ಳಿಯ ನಿಲ್ದಾಣಗಳ ಪಕ್ಕದ ಹಳಿಗಳ ಮೇಲೆ ನಿಲ್ಲಿಸಿ, ರಜೆಯ ದಿನಗಳಲ್ಲಿ ಸಾಮಾನ್ಯ ಸಂಸಾರಗಳಿಗೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಮೊದಲುಮಾಡಿತು. ರೈಲಿನಲ್ಲಿಯೇ ಬರಬೇಕೆಂಬ ಕಟ್ಟುಪಾಡನ್ನು ಜತೆಗೆ ಹಾಕಿದುದು ವ್ಯಾಪಾರಿಯ ಜಾಣತನ. ಕರ್ನಾಟಕದಲ್ಲಿ ಕೆಲಸವು ಇನ್ನೊಂದು ಕೊನೆಯಿಂದ ಪ್ರಾರಂಭವಾಯಿತೆನ್ನಬಹುದು. 2008ರಲ್ಲಿ ಹೊರಟ ಗೋಲ್ಡನ್ ಚಾರಿಯಟ್ ಎಂಬ ಗಾಡಿಯ ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂಬ ರಾಜವಂಶಗಳ ಹೆಸರನ್ನಿಟ್ಟು, ಚಲಿಸುವ ವಸತಿಗೃಹವನ್ನೇ ಹಳಿಯ ಮೇಲೆ ಬಿಟ್ಟರು. ಈಚೆಗೆ ಬೆಂಗಳೂರಿನ ನಿಲ್ದಾಣಗಳ ಅಂಗಳದಲ್ಲಿ ಹಳೆಯ ಬೋಗಿಗಳು ಉಪಾಹಾರಗೃಹಗಳಾಗಿ ನಿಂತಿವೆ. ಊಟಕ್ಕೆ ಕುಳಿತವನು ಮಲಗುವುದಕ್ಕೂ ಬಯಸುವ ದಿನವು ದೂರವಿರಲಾರದು.

ಇದರಲ್ಲಿ ವಿಚಾರಮಾಡತಕ್ಕ ಧರ್ಮದ ಪ್ರಶ್ನೆ ಏನಿದೆ, ಹಳೆಯ ಕಬ್ಬಿಣವನ್ನು ಕೊಂಡವನು ಅದನ್ನು ಹೇಗಾದರೂ ಬಳಸಿಕೊಳ್ಳಲಿ ಎಂದು ಕೆಲವರು ಹೇಳಬಹುದು. ಪ್ರಶ್ನೆಯೊಂದಿದೆ, ಅದನ್ನು ಸ್ವಲ್ಪ ದೂರದಿಂದ ಹಿಡಿದುಕೊಂಡು ಬರಬೇಕಾಗುವುದು.

ಯವನರಾಜನಾದ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದುದೆಂದು ಪಾಲಿಯ ಗ್ರಂಥದಲ್ಲಿ ಹೇಳಿರುವ ಸಂವಾದವು ಪ್ರಸಿದ್ಧವಾದುದು. ರಥವನ್ನೇರಿ ಬಂದೆನೆಂದ ದೊರೆಯನ್ನು ಭಿಕ್ಷುವು, ಮೂಕಿಯು ರಥವೋ, ಅಚ್ಚು ರಥವೋ, ಗಾಲಿ ರಥವೋ ಎಂದು ಒಂದೊಂದಾಗಿ ಕೇಳುತ್ತ ಹೋಗಿ, ಯಾವೊಂದೂ ರಥವಲ್ಲವೆಂದು ಅವನ ಬಾಯಿಂದಲೇ ಹೇಳಿಸಿದನು. ಈ ಎಲ್ಲವೂ ಕೂಡಿದಾಗ ನಡೆವ ವ್ಯವಹಾರಕ್ಕೆ ರಥವೆಂಬುದು ಒಂದು ಹೆಸರೆಂದು ದೊರೆಯು ಒಪ್ಪಬೇಕಾಯಿತು. ರೈಲುಬೋಗಿಗೆ ಈ ತರ್ಕವನ್ನು ಹಚ್ಚಿದರೆ ಒಂದು ತಮಾಷೆಯೇ ಆಗುವುದು. ಯಂತ್ರಶಾಸ್ತ್ರಜ್ಞರ ಭಾಷೆಯಲ್ಲಿ ಬೋಗಿಯೆಂದರೆ ಗಾಡಿಯ ಕೆಳಗಿರುವ ಗಾಲಿಗಳ ಚೌಕಟ್ಟು ಮಾತ್ರ. ಜನರ ಬಾಯಲ್ಲಿ ಇಡೀ ಡಬ್ಬಿಗೆ ಆ ಹೆಸರು ಬಂದಿದೆ. ವಸತಿಗೃಹ ಮಾಡುವವನು ಸಾಮಾನ್ಯವಾಗಿ ಗಾಲಿಗಳ ಚೌಕಟ್ಟನ್ನು ಬಿಟ್ಟು ಮೇಲಿನ ಡಬ್ಬಿಯನ್ನು ಮಾತ್ರ ಒಯ್ಯುವನು. ಎಂದರೆ, ಬೋಗಿಯನ್ನು ಕಳೆದು ಉಳಿದುದನ್ನು ಬೋಗಿಯೆಂದು ಕರೆಯುತ್ತಾರೆ. ನಾಗಸೇನನಿದ್ದಿದ್ದರೆ ನಗುತ್ತಿದ್ದನು.

ಆದರೆ ನಾಗಸೇನನ ಪಟ್ಟಿಯಲ್ಲಿ ಮೂಕಿ, ಅಚ್ಚು, ಗಾಲಿಗಳಿದ್ದುವೇ ಹೊರತು ಕುಳಿತವರಿರಲಿಲ್ಲ. ಅರಸನ ರಥಕ್ಕೆ ಆ ಪಟ್ಟಿಯೇ ಸಾಕು, ರೈಲುಗಾಡಿಗೆ ಸಾಲದು. ಪೆರಂಬೂರಿನ ಕಾರ್ಖಾನೆಯು 1955ರಿಂದ 2018ರವರೆಗೆ ಮಾಡಿದ ಮಾದರಿಯ ಮಲಗುವ ಬೋಗಿಯು ಉದ್ದದಲ್ಲಿ 21 ಮೀಟರಿಗಿಂತ ಸ್ವಲ್ಪ ಹೆಚ್ಚು, ಅಗಲದಲ್ಲಿ 3 ಮೀಟರಿಗಿಂತ ಸ್ವಲ್ಪ ಹೆಚ್ಚು. ಇಷ್ಟರಲ್ಲಿ 72 ಜನರಿಗೆ ಹಾಸುಗಳಿದ್ದುವು. ಎದುರಿನವನು ಯಾರೆಂಬುದನ್ನು ಆರಿಸಿಕೊಳ್ಳುವ ಅಧಿಕಾರ ಟಿಕೀಟು ಕೊಂಡವನಿಗಿಲ್ಲ. ಎಂದೂ ಒಂದು ಪಂಕ್ತಿಯಲ್ಲಿ ಕೂಡದವರು ಒಂದು ರಾತ್ರಿ ಒಬ್ಬರ ಮೇಲೊಬ್ಬರು ಮಲಗಿ, ಬೆಳಗ್ಗೆ ಒಂದೇ ಕೊಳಾಯಿಯಲ್ಲಿ ಮುಖ ತೊಳೆದರು. ಬುತ್ತಿಯ ಗಂಟನ್ನು ಬಿಚ್ಚಿದವನಿಗೆ ಎದುರಿನ ಮಗುವಿಗೆ ಒಂದು ತುತ್ತನ್ನು ಕೊಡದಿರಲು ಮನಸ್ಸಾಗಲಿಲ್ಲ. ಇದನ್ನು ವಿಪರೀತವಾಗಿ ಹೊಗಳಬೇಕಾದುದಿಲ್ಲ. ಗಾಂಧಿಯವರು 1917ರಲ್ಲಿ ಮೂರನೆಯ ದರ್ಜೆಯ ಪ್ರಯಾಣವನ್ನು ಕುರಿತು ಬರೆದ ಕಿರುಹೊತ್ತಗೆಯಲ್ಲಿ ತುಂಬಿರುವುದು ಹೊಲಸು, ನೂಕುನುಗ್ಗಲು, ಅವಮಾನಗಳ ವೃತ್ತಾಂತವೇ. ಮೂರನೆಯ ದರ್ಜೆಯೆಂಬ ಹೆಸರು 1974ರಲ್ಲಿ ಹೋಯಿತು. ಆ ನೂಕುನುಗ್ಗಲು ಜನರಲ್ ಬೋಗಿಯ ಬಾಗಿಲಲ್ಲಿ ಇಂದಿಗೂ ಇದೆ. ಆದರೂ ಗಾಡಿಯನ್ನು ಗಾಡಿಯನ್ನಾಗಿ ಮಾಡಿದುದು ಆ ಎಪ್ಪತ್ತೆರಡು ಜನರ ನೆರವಿಯೇ. ಅದು ಹೋದರೆ ಉಳಿಯುವುದು ಕಿಟಕಿಗಳಿರುವ ಒಂದು ಉದ್ದನೆಯ ಪೆಟ್ಟಿಗೆ.

ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನು ಬೋಗಿಯಿದೆ, 1899ರದು. ಅಡಿಗೆಮನೆ, ಊಟದ ಕೋಣೆ, ಸ್ನಾನದ ಮನೆಗಳೊಡನೆ ಅದು ಹಳಿಯ ಮೇಲಿನ ಒಂದು ಮನೆ. ರೈಲು ಎಂಬುದು ಸಾಮಾನ್ಯರದೆಂದು ಹೇಳುವಾಗ, ಮೊದಲಿನಿಂದಲೂ ಅದರಲ್ಲಿ ಈ ಎರಡು ಬಗೆಯ ಗಾಡಿಗಳಿದ್ದುವೆಂಬುದನ್ನು ಮರೆಯಬಾರದು. ಈಗ ನಡೆಯುತ್ತಿರುವುದೇನೆಂದರೆ, ಎಪ್ಪತ್ತೆರಡು ಜನರನ್ನು ಹೊತ್ತ ಗಾಡಿಯು ಮುಪ್ಪಿನಲ್ಲಿ ಇಬ್ಬರ ಅಥವಾ ನಾಲ್ವರ ಸಲೂನಾಗುತ್ತದೆ. ಗಾಡಿಗೆ ಬಡತಿ ದೊರೆಯಿತು. ಅದರಲ್ಲಿ ಕುಳಿತಿದ್ದವರಿಗೆ ದೊರೆಯಲಿಲ್ಲ. ಹೊಸ ಅತಿಥಿಯು ಮರದ ಹಾಸನ್ನೂ ಸರಪಳಿಯನ್ನೂ ಮುಟ್ಟಿ ನೋಡಿ ಸಂತೋಷಪಡುವನು. ಆ ಹಾಸಿನ ಮೇಲೆ ನಿದ್ದೆಯಿಲ್ಲದೆ ರಾತ್ರಿಯನ್ನು ಕಳೆದವರು ಅವನ ಸಂತೋಷಕ್ಕೆ ಅಲಂಕಾರವಾಗುವರು.

ಹಳೆಯದನ್ನು ಉಳಿಸಿದೆವೆಂಬ ಸಮಾಧಾನವನ್ನು ಮಾಲಿಕರು ಇಲ್ಲಿ ಮುಂದಿಡುವುದುಂಟು. ಇದನ್ನು ಲೆಕ್ಕಹಾಕಿ ನೋಡಬೇಕು. ರೈಲ್ವೆಯವರು ಹಳೆಯ ಉಕ್ಕನ್ನು ಸುಮ್ಮನೆ ಎಸೆಯುವವರಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷ ಜನರನ್ನು ಹೊತ್ತ ಬೋಗಿಗಳಲ್ಲಿ ಅನೇಕವುಗಳ ಕಿಟಕಿಗಳನ್ನು ಮುಚ್ಚಿ, ಹೊಸ ಮೋಟಾರುಗಾಡಿಗಳನ್ನು ಸಾಗಿಸುವ ಸರಕುಬೋಗಿಗಳನ್ನಾಗಿ ಮಾಡಿ ಇನ್ನೂ ಕೆಲವು ವರ್ಷ ದುಡಿಸಿಕೊಳ್ಳುವರು. ಗಾಲಿಗಳ ಕಥೆ ಇನ್ನೂ ಸೊಗಸಾದುದು. ಯಲಹಂಕದಲ್ಲಿ 1984ರಿಂದ ನಡೆಯುತ್ತಿರುವ ರೈಲುಗಾಲಿಯ ಕಾರ್ಖಾನೆಯಲ್ಲಿ, ದೇಶದ ನಾನಾ ಕಡೆಗಳಿಂದ ಬಂದ ಸವೆದ ಗಾಲಿಗಳನ್ನು ವಿದ್ಯುತ್ತಿನ ಕುಲುಮೆಯಲ್ಲಿ ಕರಗಿಸಿ ಹೊಸ ಗಾಲಿಗಳನ್ನು ಎರಕಹೊಯ್ಯುತ್ತಾರೆ. ಗಾಲಿಯು ಮತ್ತೆ ಗಾಲಿಯಾಗಿ ಹುಟ್ಟಿ ಮತ್ತೆ ಹಳಿಗೆ ಹೋಗುವ ಈ ಪುನರ್ಜನ್ಮಕ್ಕಿಂತ, ಮದ್ಯದ ಮೇಜಿನ ಕಾಲಿನ ಕೆಳಗೆ ಅಲಂಕಾರಕ್ಕೆ ನಿಲ್ಲುವುದು ಮೇಲಾದ ಗತಿಯೆಂದು ಯಾರು ಹೇಳಿಯಾರು? ಗುಜರಿಗೆ ಹೋಗದಂತೆ ತಡೆದುದೇ ಪುಣ್ಯವೆಂಬ ಮಾತು ನಿಲ್ಲುವುದಿಲ್ಲ. ಬೋಗಿಯನ್ನು ಕ್ರೇನಿನಿಂದ ಎತ್ತಿ, ಲಾರಿಯ ಮೇಲೆ ಹೇರಿ, ಹತ್ತಾರು ಹರದಾರಿ ಸಾಗಿಸಿ, ಬಿಸಿಲಿಗೆ ಕಾಯುವ ಆ ಉಕ್ಕಿನ ಗೂಡನ್ನು ಹಗಲಿರುಳು ಯಂತ್ರದಿಂದ ತಣ್ಣಗಿಡುವ ವೆಚ್ಚವನ್ನೆಲ್ಲ ಕೂಡಿದರೆ, ಉಳಿತಾಯದ ಅಂಕಣದಲ್ಲಿ ಬರೆಯುವುದಕ್ಕೆ ಎಷ್ಟು ಉಳಿಯುವುದೋ ಯೋಚಿಸತಕ್ಕದ್ದು.

ಉಳಿಸುವುದರಲ್ಲಿಯೂ ಉಳಿಸುವ ಕ್ರಮವೆಂಬುದೊಂದಿದೆ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಕಿರುಹಳಿಯ ರೈಲು ಬಂದಾಗ ಕಟ್ಟಿದ ಚಿಕ್ಕ ಚಿಕ್ಕ ನಿಲ್ದಾಣಗಳು ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಮೊದಲಾದ ಕಡೆಗಳಲ್ಲಿ ಪಾಳು ಬಿದ್ದಿದ್ದುವು. ಇಂಟಾಕ್ ಸಂಸ್ಥೆಯವರು ಇತ್ತೀಚಿನ ವರ್ಷಗಳಲ್ಲಿ ಅವುಗಳ ಜೀರ್ಣೋದ್ಧಾರಕ್ಕೆ ಕೈಹಾಕಿದರು. ಆ ಕಟ್ಟಡಗಳು ಹುಟ್ಟಿದ ಜಾಗದಲ್ಲಿಯೇ ಇವೆ. ಸುತ್ತಲಿನ ಊರಿನವರಿಗೆ ಅವು ತಮ್ಮವು. ಅಲ್ಲಿ ಯಾವ ಸುಳ್ಳೂ ಇಲ್ಲ. ಬೇರುಸಹಿತ ಕಿತ್ತು ತಂದ ಬೋಗಿಯ ಸ್ಥಿತಿ ಬೇರೆ. ಅದು ಇರುವ ಜಾಗದಲ್ಲಿ ಅದಕ್ಕೆ ನೆನಪುಗಳಿಲ್ಲ. ಆದುದರಿಂದ ಅಲ್ಲಿ ಅದು ಏನು ಮಾಡುತ್ತಿದೆಯೆಂಬುದೇ ಅದರ ಯೋಗ್ಯತೆಗೆ ಒರೆಗಲ್ಲು.

ಇಷ್ಟು ಹೇಳಿದಮೇಲೆ ವಿಷಯವನ್ನು ಒಂದು ನೆಲದ ಮೇಲೆ ಇಟ್ಟು ನೋಡುವುದು ಒಳ್ಳೆಯದು. ಹೊಸಕೋಟೆಯ ತಾಲ್ಲೂಕಿನ ಪಿಲ್ಲಗುಂಪೆಯನ್ನು ತೆಗೆದುಕೊಳ್ಳೋಣ. ಆ ಊರಿಗೆ ರೈಲುಹಳಿಯಿಲ್ಲ. ರಾಗಿಯ ಹೊಲಗಳ ನಡುವೆ ಇದ್ದ ಹಳ್ಳಿಯ ಹೆಸರು ಈಗ ಕೈಗಾರಿಕಾ ಪ್ರದೇಶದ ಹೆಸರಾಗಿದೆ. ರೈಲಿಲ್ಲದ ಈ ಊರಿಗೆ ಬಂದವರಲ್ಲಿ ಬಹಳ ಮಂದಿ ರೈಲಿನಲ್ಲಿಯೇ ಬಂದವರು. ಒಡಿಶಾ, ಬಿಹಾರ, ಅಸ್ಸಾಂ ಸೀಮೆಗಳಿಂದ ಜನರಲ್ ಬೋಗಿಯಲ್ಲಿ ಎರಡು ಮೂರು ದಿನ ಕುಳಿತೋ ನಿಂತೋ ಬೆಂಗಳೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಇಂತಹ ಕಾರ್ಖಾನೆಗಳ ಸೀಮೆಗೆ ಸೇರುವರು. ತಗಡಿನ ಮಾಡಿನ ಸಾಲುಕೋಣೆಗಳಲ್ಲಿ ಒಂದಕ್ಕೆ ಐದಾರು ಮಂದಿಯಂತೆ ವಾಸಿಸುವುದು ಇಂಥ ಪ್ರದೇಶಗಳಲ್ಲೆಲ್ಲ ಸಾಮಾನ್ಯವಾಗಿರುವ ದೃಶ್ಯ. ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಮಲಗುವನು.

ಈ ರಸ್ತೆಯ ಬದಿಯಲ್ಲಿ ಹಣವಂತನೊಬ್ಬನು ಹಳೆಯ ಮಲಗುವ ಬೋಗಿಯೊಂದನ್ನು ತಂದು ನಿಲ್ಲಿಸಿ ವಸತಿಗೃಹವನ್ನು ಮಾಡಿದನೆಂದು ಭಾವಿಸಿರಿ. ಬೆಂಗಳೂರಿನಿಂದ ವಾರದ ಕೊನೆಯಲ್ಲಿ ಬಂದವರು ಅದರ ಇಕ್ಕಟ್ಟನ್ನು ಹಣ ಕೊಟ್ಟು ಅನುಭವಿಸುವರು. ಬೇಲಿಯ ಆಚೆಯವರು ಅದಕ್ಕಿಂತ ಇಕ್ಕಟ್ಟಾದ ಜಾಗದಲ್ಲಿ ಬೇರೆ ದಾರಿಯಿಲ್ಲದೆ ಮಲಗಿರುವರು. ಇಬ್ಬರೂ ಉಕ್ಕಿನ ಮಾಡಿನ ಕೆಳಗೆ, ತೋಳಗಲದ ಹಾಸಿನ ಮೇಲೆ ಇರುವವರೇ. ಒಬ್ಬನಿಗೆ ಅದು ವಿನೋದ, ಏಕೆಂದರೆ ಸೋಮವಾರ ಬೆಳಗ್ಗೆ ಅವನು ಅದರಿಂದ ಹೊರಬೀಳುವನು. ಇನ್ನೊಬ್ಬನಿಗೆ ಅದು ಜೀವನ. ಇಲ್ಲಿ ಮೊದಲನೆಯವನು ಪಾಪಿಯೆಂದು ಹೇಳುವುದು ಅವಿವೇಕ. ಕಷ್ಟವನ್ನು ಆಟದಲ್ಲಿ ಅನುಕರಿಸುವುದು ಮನುಷ್ಯಸ್ವಭಾವ. ಮಕ್ಕಳು ಕುರ್ಚಿಗಳನ್ನು ಸಾಲಾಗಿ ಇಟ್ಟು ರೈಲಾಟವಾಡುವುದಿಲ್ಲವೆ? ಆದರೆ ಬೇಲಿಯ ಈಚೆಯ ಆಟಕ್ಕೂ ಆಚೆಯ ಬಾಳಿಗೂ ಸಂಬಂಧವೇ ಇಲ್ಲವೆಂಬಂತೆ ನಡೆದುಕೊಳ್ಳುವುದರಲ್ಲಿ ಏನೋ ಒಂದು ಕೊರತೆಯಿದೆ. ಆ ಕೊರತೆ ಯಾವುದೆಂದು 2020ನೆಯ ಇಸವಿಯಲ್ಲಿ ನಡೆದುದನ್ನು ನೆನೆದರೆ ಸ್ಪಷ್ಟವಾಗುವುದು.

ಆ ವರ್ಷದ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ನಿಂತುವು. ನಿಂತ ಗಾಡಿಗಳನ್ನು ರೋಗಿಗಳಿಗೆ ವಸತಿಯನ್ನಾಗಿ ಮಾಡುವ ಯೋಚನೆ ಹೊರಟು, ದೇಶದಲ್ಲಿ 5,231 ಬೋಗಿಗಳೂ, ಅವುಗಳಲ್ಲಿ ಹುಬ್ಬಳ್ಳಿಯು ಕೇಂದ್ರವಾಗಿರುವ ನೈಋತ್ಯ ರೈಲ್ವೆಯಲ್ಲಿ 312 ಬೋಗಿಗಳೂ ಸಿದ್ಧವಾದುವು. ನಡುವಣ ಹಾಸನ್ನು ತೆಗೆದರು. ಒಂದು ಶೌಚಗೃಹವನ್ನು ಸ್ನಾನದ ಮನೆ ಮಾಡಿದರು. ಕಿಟಕಿಗಳಿಗೆ ಸೊಳ್ಳೆಪರದೆ ಕಟ್ಟಿದರು. ಬೋಗಿಯೊಂದಕ್ಕೆ ಹದಿನಾರು ರೋಗಿಗಳೆಂದು ಲೆಕ್ಕವಿಟ್ಟರು. ಹಳೆಯ ಗಾಡಿಯನ್ನು ಮನುಷ್ಯರು ತಂಗುವ ಜಾಗವನ್ನಾಗಿ ಮಾಡಿದ ಕೆಲಸಗಳಲ್ಲಿ ಇದರಷ್ಟು ವಿಸ್ತಾರವಾದುದು ಬೇರೊಂದಿರಲಾರದು. ಉದ್ದೇಶವೂ ಒಳ್ಳೆಯದೇ. ಆದರೆ ಅವುಗಳಲ್ಲಿ ಅನೇಕವು ಯಾರೂ ಬರದೆ ಬರಿದಾಗಿಯೇ ಹಳಿಗಳ ಮೇಲೆ ನಿಂತಿದ್ದುವು. ಅದೇ ದಿನಗಳಲ್ಲಿ ಕೆಲಸವನ್ನು ಕಳೆದುಕೊಂಡ ಕೂಲಿಗಳು ಗಾಡಿಯಿಲ್ಲದೆ ಹಳಿಗಳ ಪಕ್ಕದಲ್ಲಿ ನಡೆದುಕೊಂಡು ಊರುಗಳಿಗೆ ಹೋಗುತ್ತಿದ್ದರು. ಮೇ ಮೊದಲ ವಾರದಲ್ಲಿ ಕರ್ನಾಟಕದಿಂದ ಕೂಲಿಗಳನ್ನು ಒಯ್ಯಬೇಕಾಗಿದ್ದ ವಿಶೇಷ ಗಾಡಿಗಳು ಬೇಡವೆಂದು ಸರ್ಕಾರವು ಹೇಳಿ, ಟೀಕೆಗಳಾದ ಮೇಲೆ ಒಂದೆರಡು ದಿನಗಳಲ್ಲಿಯೇ ಮತ್ತೆ ಬೇಕೆಂದಿತು. ಮೇ 8ರ ಮುಂಜಾನೆ ಮಹಾರಾಷ್ಟ್ರದಲ್ಲಿ, ಆಗಿನ ಔರಂಗಾಬಾದ್ ಜಿಲ್ಲೆಯ ಕರ್ಮಾಡ್ ಸಮೀಪದಲ್ಲಿ, ಜಾಲನಾದಿಂದ ನಡೆದು ಬಂದು ದಣಿದ ಕೂಲಿಗಳು ರೈಲುಗಳು ಓಡುತ್ತಿಲ್ಲವೆಂಬ ನಂಬಿಕೆಯಿಂದ ಹಳಿಯ ಮೇಲೆಯೇ ಮಲಗಿದ್ದರು. ಸರಕುಗಾಡಿಯೊಂದು ಬಂದಿತು. ಹದಿನಾರು ಮಂದಿ ಸತ್ತರು. ಒಂದು ಬೋಗಿಯಲ್ಲಿ ಎಷ್ಟು ರೋಗಿಗಳಿಗೆ ಜಾಗವಿಟ್ಟಿದ್ದರೋ ಸಂಖ್ಯೆಯೂ ಅಷ್ಟೇ.

ಇದಕ್ಕೆ ಯಾರೊಬ್ಬರ ಮೇಲೂ ದೋಷವನ್ನು ಹೊರಿಸುವುದು ಇಲ್ಲಿನ ಉದ್ದೇಶವಲ್ಲ. ಗಾಡಿಯು ಯಾರಿಗಾಗಿ ನಿಂತಿದೆಯೆಂಬುದನ್ನು ನಿರ್ಣಯಿಸುವವರು ಬೇರೆ, ಅದರ ಅಗತ್ಯವಿರುವವರು ಬೇರೆ ಆದಾಗ, ಎಷ್ಟು ಸದುದ್ದೇಶದ ಹಾಸಿಗೆಯೂ ಬರಿದಾಗಿ ಉಳಿಯಬಹುದೆಂಬುದನ್ನು ಮಾತ್ರ ಗಮನಿಸಬೇಕು.

ಈಗ ಅತಿಥಿಯೆಂಬ ಮಾತಿಗೆ ಬರಬಹುದು. ವಸತಿಗೃಹದವರು ಬಾಡಿಗೆ ಕೊಟ್ಟವನನ್ನೆಲ್ಲ ಅತಿಥಿಯೆಂದು ಕರೆಯುವರು. ಹಳೆಯವರು ಆ ಪದವನ್ನು ಬಿಡಿಸಿ, ಯಾವನಿಗೆ ತಿಥಿಯ ನಿಯಮವಿಲ್ಲವೋ ಅವನು ಅತಿಥಿ, ಇಂಥ ದಿನ ಬರುವೆನೆಂದು ಹೇಳದೆ ಬಂದವನು ಎಂದು ಅರ್ಥಹೇಳುತ್ತಿದ್ದರು. ಮುಂಗಡ ಕೊಟ್ಟು ದಿನ ಗೊತ್ತುಮಾಡಿಕೊಂಡು ಬಂದವನು ಗಿರಾಕಿಯಾಗಬಹುದು, ಸಭ್ಯನಾಗಿರಬಹುದು. ಈ ಅರ್ಥದಲ್ಲಿ ಅತಿಥಿಯಾಗನು. ಹನ್ನೆರಡನೆಯ ಶತಮಾನದ ಶರಣರು ಜಂಗಮವೆಂಬ ಪದಕ್ಕೆ ಕೊಟ್ಟ ಬೆಲೆಯೂ ಇಲ್ಲಿ ನೆನಪಿಗೆ ಬರುವುದು. ಅವರಿಗೆ ಜಂಗಮವೆಂದರೆ ಚಲಿಸುವುದು. ಬಾಗಿಲಿಗೆ ಬಂದು ನಿಂತ, ಅನ್ನವಿಕ್ಕಿ ಉಪಚರಿಸಬೇಕಾದ ಮನುಷ್ಯನೂ ಹೌದು. ರೈಲು ಬಂದಮೇಲೆ ಈ ಭಾವನೆಯು ನಾಡಿನಿಂದ ಹೊರಟುಹೋಗಲಿಲ್ಲ. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲುನಿಲ್ದಾಣದ ಎದುರಿನಲ್ಲಿ ಕಟ್ಟಿಸಿದ ಛತ್ರವೇ ಅದಕ್ಕೆ ಸಾಕ್ಷಿ. ಅದಕ್ಕೆ ಬೇಕಾದ ನೆಲವನ್ನು ಅವರು 1897ರಲ್ಲಿ ರೈಲ್ವೆಯವರಿಂದಲೇ ಕೊಂಡರು; 1903ರಲ್ಲಿ ಛತ್ರದ ಬಾಗಿಲು ತೆರೆಯಿತು. ಗಾಡಿಯಿಂದ ಇಳಿದು, ಊರಲ್ಲಿ ನಂಟರಿಲ್ಲದೆ, ಗಂಟನ್ನು ಹಿಡಿದುಕೊಂಡು ಕತ್ತಲೆಯಲ್ಲಿ ನಿಂತವನು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ವರ್ತಕರೊಬ್ಬರು ತಮ್ಮದೆಂದು ಹಚ್ಚಿಕೊಂಡರು. ರೈಲಿನ ನೆರಳಿನಲ್ಲಿ ಹುಟ್ಟಿದ ಅತಿಥಿಗೃಹವೆಂಬ ಹೆಸರಿಗೆ ಇದಕ್ಕಿಂತ ಯೋಗ್ಯವಾದುದನ್ನು ಹುಡುಕಬೇಕಾಗಿಲ್ಲ.

ಪಿಲ್ಲಗುಂಪೆಯ ಸಾಲುಕೋಣೆಯವನನ್ನು ಕುರಿತು ಮಾತನಾಡುವಾಗ ಸಾಮಾನ್ಯವಾಗಿ ಅವನ ಕೂಲಿ, ಅವನ ನೀರು, ಅವನ ಶೌಚ ಇವುಗಳನ್ನು ಎಣಿಸುವರು. ಎಣಿಸಬೇಕಾದುವೇ. ಒಂದು ಸಂಗತಿಯು ಮಾತ್ರ ಯಾವ ಎಣಿಕೆಯಲ್ಲಿಯೂ ಸೇರುವುದಿಲ್ಲ: ಅವನಿಗೂ ಅತಿಥಿಗಳಿರುವರು. ಹದಿನೆಂಟು ತುಂಬಿದ ಮಗನನ್ನು ಮೊದಲ ಕೆಲಸಕ್ಕೆ ಬಿಟ್ಟುಹೋಗಲು ತಂದೆಯೊಬ್ಬನು ಬಹುದೂರದಿಂದ ಬರುವನು. ಆ ರಾತ್ರಿ ಅವನು ಎಲ್ಲಿ ಮಲಗಬೇಕು? ಗಂಡನಿಗೆ ಯಂತ್ರದಲ್ಲಿ ಕೈ ಸಿಕ್ಕಿತೆಂದು ಸುದ್ದಿ ಕೇಳಿ ಬಂದ ಹೆಂಗಸು, ಆರು ಗಂಡಸರು ಮಲಗುವ ಕೋಣೆಯ ಹೊಸ್ತಿಲಲ್ಲಿ ನಿಂತು ಏನು ಮಾಡಬೇಕು? ಅಂಥ ಕೋಣೆಯಲ್ಲಿ ಹೊರಗಿನವರಿಗೆ ಜಾಗವಿರುವುದಿಲ್ಲ, ಮಾಲಿಕನೂ ಒಪ್ಪನು. ಅತಿಥಿಸತ್ಕಾರವು ಗೃಹಸ್ಥನ ಧರ್ಮವೆಂದು ಶಾಸ್ತ್ರಗಳು ಹೇಳುವುವು. ಗೃಹವೇ ಇಲ್ಲದವನು ಆ ಧರ್ಮವನ್ನು ನಡೆಸುವುದು ಹೇಗೆ? ಅವನ ಬಡತನವು ಅವನಿಂದ ಕಿತ್ತುಕೊಂಡ ವಸ್ತುಗಳಲ್ಲಿ, ಬಂದವರಿಗೆ ಕುಳ್ಳಿರಿ ಎನ್ನುವ ಶಕ್ತಿಯೂ ಒಂದು. ಕೂಲಿ ಸಾಲದೆಂದು ಹೇಳಲು ಬಾಯಿ ಬರುವವನಿಗೂ, ತಾಯಿ ಬಂದರೆ ಮಲಗಿಸಲು ಜಾಗವಿಲ್ಲವೆಂದು ಹೇಳಲು ನಾಚಿಕೆಯಾಗುವುದು.

ಹಳೆಯ ಬೋಗಿಯೊಂದು ಪಿಲ್ಲಗುಂಪೆಗೆ ಬರುವುದೇ ಆದರೆ ಇಲ್ಲಿ ಅದಕ್ಕೆ ಕೆಲಸವಿದೆ. ಜನರನ್ನು ಕೂರಿಸಿಕೊಳ್ಳುವ ಬೋಗಿಯು ನಿಂತಮೇಲೂ ಜನರನ್ನೇ ಕೂರಿಸಿಕೊಳ್ಳಬಹುದೆಂಬುದಕ್ಕೆ ನಾಡಿನಲ್ಲಿ ನಿದರ್ಶನವೂ ಇದೆ. ಮೈಸೂರಿನ ಅಶೋಕಪುರದಲ್ಲಿ ರೈಲ್ವೆ ಕಾರ್ಯಾಗಾರದವರು 2020ರ ಮೊದಲಲ್ಲಿ ಉಪಯೋಗಕ್ಕೆ ಬಾರದ ಎರಡು ಬೋಗಿಗಳನ್ನು ಸರಿಪಡಿಸಿ, ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ತರಗತಿಗಳನ್ನಾಗಿ ಮಾಡಿಕೊಟ್ಟರು. ಅದರಲ್ಲಿ ಯಾವ ಬೆಡಗೂ ಇರಲಿಲ್ಲ. ರೈಲ್ವೆಯವರ ಕೈಕೆಲಸ, ರೈಲ್ವೆಯವರ ಕಬ್ಬಿಣ, ನೆರೆಯ ಮಕ್ಕಳು. ಮಗುವಿಗೆ ಅದು ರೈಲೂ ಹೌದು, ಶಾಲೆಯೂ ಹೌದು. ನಾಗಸೇನನ ಪ್ರಶ್ನೆ ಅದನ್ನು ಬಾಧಿಸದು.

ವಿನೋದಕ್ಕಾಗಿ ಬರುವವರನ್ನು ಹೊರಗಿಡಬೇಕೆಂದು ಇದರ ಅರ್ಥವಲ್ಲ. ಇಂಗ್ಲೆಂಡಿನ ರಜೆಯ ಬೋಗಿಗಳು ಸಾಮಾನ್ಯ ಗುಮಾಸ್ತರ ಸಂಸಾರಗಳಿಗೆ ಕಡಲನ್ನು ತೋರಿಸಿದುವು; ಅದೂ ಒಂದು ಉಪಕಾರವೇ. ಬೆಂಗಳೂರಿನ ಮಧ್ಯಮ ವರ್ಗದ ಮಗುವೊಂದು ಮೇಲಿನ ಹಾಸನ್ನೇರಿ ಕುಣಿದರೆ ಅದನ್ನು ಆಕ್ಷೇಪಿಸಲು ಯಾವ ನೀತಿಶಾಸ್ತ್ರಕ್ಕೂ ಅಧಿಕಾರವಿಲ್ಲ. ಮಲಗುವ ಬೋಗಿಯಲ್ಲಿ ಎಂಟು ಹಾಸುಗಳಂತೆ ಒಂಬತ್ತು ಅಂಕಣಗಳಿರುವುವು. ಆರನ್ನು ಹಣವಂತರಿಗೆ ಅವರು ಕೊಡಬಲ್ಲ ಬಾಡಿಗೆಗೆ ಕೊಟ್ಟು, ಮೂರನ್ನು ಸುತ್ತಲಿನ ಕೆಲಸಗಾರರ ನಂಟರಿಗೆ ಬಿಡಬಾರದೇಕೆ? ಮೂರರಲ್ಲಿ ಒಂದು ಹೆಂಗಸರಿಗೆ. ಬಾಡಿಗೆಯು ಒಂದು ಊಟದ ಬೆಲೆಯನ್ನು ಮೀರದಿರಲಿ. ಪುಕ್ಕಟೆಯಾದರೆ ಕರೆತಂದವನ ಮಾನಕ್ಕೆ ಕುಂದು. ಹಣವನ್ನು ಬಂದವನು ಕೊಡದೆ ಕರೆತಂದವನೇ ಕೊಡಲಿ, ಚೀಟಿಯಲ್ಲಿ ಅವನ ಹೆಸರೇ ಇರಲಿ. ಆ ರಾತ್ರಿಯ ಮಟ್ಟಿಗೆ ಅವನೇ ಗೃಹಸ್ಥನು.

ಇದು ನಡೆಯತಕ್ಕದ್ದಲ್ಲವೆಂದು ಅನುಭವಿಗಳು ಹೇಳುವರು. ಆರು ಅಂಕಣಗಳ ಗಿರಾಕಿಗಳು ಉಳಿದ ಮೂರರಲ್ಲಿ ಯಾರಿರುವರೆಂದು ಕೇಳಿ ಹಿಂದೆಗೆಯುವರೆಂಬುದು ಅವರ ವಾದ. ಇರಬಹುದು. ಆದರೆ ಹಾಗೆ ಹಿಂದೆಗೆಯುವವರು ಇದೇ ಬೋಗಿಯು ಓಡುತ್ತಿದ್ದಾಗ ಅದೇ ಜನರ ಎದುರಿಗೆ ಮೂವತ್ತು ಗಂಟೆ ಕುಳಿತು ಪ್ರಯಾಣಮಾಡಿರಬಹುದು. ಆಗ ಟಿಕೀಟನ್ನು ಹಿಂದಿರುಗಿಸಿದವರು ಕಡಮೆ. ಓಡುವ ಗಾಡಿಯಲ್ಲಿ ಸಹಿಸಿದುದನ್ನು ನಿಂತ ಗಾಡಿಯಲ್ಲಿ ಸಹಿಸಲಾಗದಿರುವುದಕ್ಕೆ ಕಾರಣವನ್ನು ಅವರೇ ಹೇಳಬೇಕು. ಊರಿಗೆ ಹೋಗುವ ಆತುರವಿಲ್ಲದಾಗ ನೆರೆಯವನ ಮುಖವು ಹೆಚ್ಚು ಸ್ಪಷ್ಟವಾಗಿ ಕಾಣುವುದೋ ಏನೋ.

ಕೆಲಸದ ತೊಡಕುಗಳೂ ಉಂಟು. ಉಕ್ಕಿನ ಮಾಡು ಮಧ್ಯಾಹ್ನ ಕಾಯುವುದರಿಂದ ಮೇಲೆ ಹುಲ್ಲಿನ ಚಪ್ಪರವನ್ನೋ ಹೊಂಗೆಯ ನೆರಳನ್ನೋ ಒದಗಿಸಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವಿರುವುದರಿಂದ ಅದನ್ನು ಕೆರೆಯುವಾಗ ಎಚ್ಚರಿಕೆ ಬೇಕು. ಗಾಡಿಯ ಶೌಚವು ಹಳಿಯ ಮೇಲೆ ಬಿಡುವ ಕಾಲದ್ದಾಗಿದ್ದರೆ ಅದನ್ನು ಪೂರ್ತಿಯಾಗಿ ಬದಲಾಯಿಸಬೇಕು. ಬೆಂಗಳೂರು ಗ್ರಾಮಾಂತರದಲ್ಲಿ ನೀರು ಯಾವಾಗಲೂ ಕಷ್ಟ. ಕೊಳವೆಬಾವಿಗಳ ಆಳ ವರ್ಷವರ್ಷಕ್ಕೂ ಹೆಚ್ಚುತ್ತಿರುವ ನೆಲದಲ್ಲಿ ಒಂಬತ್ತು ಅಂಕಣಗಳ ಸ್ನಾನಕ್ಕೆ ಲೆಕ್ಕವಿಡದೆ ಗತಿಯಿಲ್ಲ. ಇವಾವುವೂ ಎದುರಿಸಲಾರದ ತೊಡಕುಗಳಲ್ಲ.

ಇನ್ನೊಂದು ಸಣ್ಣ ವಿಷಯ. ರೈಲುಬೋಗಿಗೆ ಎರಡು ಪಕ್ಕಗಳಲ್ಲಿಯೂ ಬಾಗಿಲುಗಳಿರುವುವು, ವೇದಿಕೆಯು ಯಾವ ಕಡೆಗೆ ಬರುವುದೋ ಮೊದಲೇ ತಿಳಿಯದಾದುದರಿಂದ. ನೆಲದ ಮೇಲೆ ನಿಲ್ಲಿಸುವವರು ಸಾಮಾನ್ಯವಾಗಿ ರಸ್ತೆಯ ಕಡೆಯ ಬಾಗಿಲಿಗೆ ಮೆಟ್ಟಿಲು ಕಟ್ಟಿ, ಇನ್ನೊಂದನ್ನು ಬೆಸುಗೆಹಾಕಿ ಮುಚ್ಚಿಬಿಡುವರು. ಪಿಲ್ಲಗುಂಪೆಯಲ್ಲಿ ಆ ಇನ್ನೊಂದು ಪಕ್ಕವು ಸಾಲುಕೋಣೆಗಳ ಕಡೆಗೆ ಇರುವುದು. ಅಲ್ಲಿಗೂ ನಾಲ್ಕು ಮೆಟ್ಟಿಲು ಕಟ್ಟಿಸಲು ಒಬ್ಬ ಗಾರೆಯವನಿಗೆ ಎರಡು ದಿನದ ಕೆಲಸವಾದೀತು.